ಏಳನೇ ಬ್ರಾಂಚಿನ ಲೈನು

ಮಾರ್ಚ್ 3, ಬೆಳಿಗ್ಗೆ 11

ಮತ್ತೆ ರೂಟರ್ ಮುಂದೆ. ಏಳು ಬ್ರಾಂಚುಗಳಿಗೂ ಹೆಡ್ ಆಫೀಸಿನಿಂದ ಹೋಗುವುದು ಈ ಒಂದೇ ಫ್ರೇಮ್ ರಿಲೇ ಡೇಟಾ ಲೈನು. ಮೇನ್ ಇಂಟರ್‌ಫೇಸಿನಲ್ಲಿ ಟ್ರಾಫಿಕ್ ಶೇಪಿಂಗ್, ಅಂದರೆ ವೇಗದ ಕಡಿವಾಣ, ಆನ್ ಮಾಡಿದೆ. ಅದರಡಿ ಬ್ರಾಂಚಿಗೊಂದು ಕವಲು, ಸಬ್‌ಇಂಟರ್‌ಫೇಸ್. ಒಂದೊಂದಕ್ಕೂ ಸೆಕೆಂಡಿಗೆ ಇಷ್ಟೇ ಡೇಟಾ ಎಂಬ ಮಿತಿ. ಮೀರಿದ್ದು ಸರದಿಯಲ್ಲಿ ಕಾಯಬೇಕು. ಆರು ಬ್ರಾಂಚಿಗೆ 64 ಕಿಲೋಬಿಟ್. ಏಳನೆಯದಕ್ಕೆ 16.

ಕೈತಪ್ಪಿ ಆದದ್ದಲ್ಲ.

ಹೋದ ವಾರದ ಮೀಟಿಂಗ್. ನಾನು ಉಗ್ಗಿದೆ. ಏಳನೇ ಬ್ರಾಂಚಿನ ಮ್ಯಾನೇಜರ್ ನನ್ನ ಹಾಗೆಯೇ ಉಗ್ಗಿ ತೋರಿಸಿದ — "ರೂ-ರೂ-ರೂಟರ್ ಸಾಹೇಬ್ರು ಹೇಳಿ ಮುಗಿಸೋಷ್ಟರಲ್ಲಿ ನಾವೆಲ್ಲ ರಿಟೈರ್ ಆಗಿರ್ತೀವಿ." ಎಲ್ಲರೂ ನಕ್ಕರು. ನನ್ನ ಬಾಸ್ ಕೂಡ.

ಈಗ ಅವನು ಕಾಯಲಿ.

ಮಾರ್ಚ್ 6

ಏಳನೇ ಬ್ರಾಂಚಿನಿಂದ ಫೋನ್. ಮ್ಯಾನೇಜರ್ ಅಲ್ಲ, ಅಲ್ಲಿ ಆರ್ಡರ್ ಎಂಟ್ರಿ ಮಾಡುವ ಅಕ್ಕ. ಮುಖ ನೋಡಿಲ್ಲ, ಆರು ವರ್ಷದಿಂದ ದನಿ ಗೊತ್ತು. ನನ್ನ ಮಾತು ಮುಗಿಯುವ ತನಕ ಸುಮ್ಮನೆ ಕೇಳುವವರು ಅವರೊಬ್ಬರೇ.

"ತಮ್ಮಾ, ಒಂದು ಆರ್ಡರ್ ಸೇವ್ ಆಗೋಷ್ಟರಲ್ಲಿ ಒಂದು ಲೋಟ ಟೀ ಮುಗಿಯುತ್ತೆ ಕಣಪ್ಪ. ಲೈನಲ್ಲಿ ಏನಾದ್ರೂ ಇದೆಯಾ, ನೋಡು."

"ಇ-ಇಲ್ಲಿಂದ ಸರಿ ಇದೆ ಅಕ್ಕ."

"ಹಾಗಾದ್ರೆ ನಮ್ಮ ಕಂಪ್ಯೂಟರಿಗೇ ವಯಸ್ಸಾಯ್ತು ಬಿಡು. ನನ್ನ ಹಾಗೆ."

ನಕ್ಕರು. ನಾನೂ ನಕ್ಕೆ.

ಮಾರ್ಚ್ 19

ಮ್ಯಾನೇಜರಿಗೆ ಬಿಸಿಯೇ ಮುಟ್ಟಿಲ್ಲ. ಕಂಪ್ಯೂಟರ್ ಮುಟ್ಟುವ ಪೈಕಿಯೇ ಅಲ್ಲ ಆತ. ಅಕ್ಕನಿಗೆ ಮೆಮೋ ಕೊಟ್ಟಿದ್ದಾನಂತೆ — ಕೆಲಸ ನಿಧಾನ, ಆರ್ಡರುಗಳು ಬಾಕಿ.

ಇವತ್ತೇ 64 ಮಾಡಬಹುದಿತ್ತು. ಮಾಡಿದರೆ ಎಲ್ಲ ಒಮ್ಮೆಗೇ ಸರಿಹೋಗುತ್ತದೆ. ಹೇಗಾಯಿತು ಎಂದು ಯಾರಾದರೂ ಕೇಳುತ್ತಾರೆ. ಇನ್ನು ಸ್ವಲ್ಪ ದಿನ…

ಏಪ್ರಿಲ್ 11

ಅಕ್ಕನನ್ನು ಕೆಲಸದಿಂದ ತೆಗೆದರು.

ಊಟದ ಹೊತ್ತಿನಲ್ಲಿ 16 ತೆಗೆದು 64 ಹಾಕಿದೆ. ಎರಡು ನಿಮಿಷವೂ ಹಿಡಿಯಲಿಲ್ಲ.

ಏಪ್ರಿಲ್ 15

ಅಕ್ಕನ ಜಾಗಕ್ಕೆ ಬಂದ ಹುಡುಗಿ ಬಲು ಚುರುಕಂತೆ. "ನೋಡಿ, ಕುರ್ಚಿ ಮೇಲೆ ಕೂತವರು ಬದಲಾದ್ರೆ ಸಾಕು" — ಮ್ಯಾನೇಜರ್ ಫೋನಿನಲ್ಲಿ ಬಾಸ್‌ಗೆ ಹೇಳುತ್ತಿದ್ದ. ಸ್ಪೀಕರ್ ಆನ್ ಇತ್ತು. ನಾನು ತಲೆ ಎತ್ತಲಿಲ್ಲ.

ಏಪ್ರಿಲ್ 24, ಸಂಜೆ 5:30

ಅಕ್ಕ ಮೇಲಿನವರಿಗೆ ಅರ್ಜಿ ಹಾಕಿದ್ದಾರೆ. ಮೂರು ಗಂಟೆಗೆ ಬಾಸ್ ಕರೆದರು.

"ಲೈನೇ ನಿಧಾನ ಇತ್ತು, ನನ್ನ ತಪ್ಪಿಲ್ಲ ಅಂತ ಬರೆದಿದಾರೆ. ಹಾಗೇನಾದ್ರೂ ಇತ್ತಾ?"

ಬಾಯಿ ತೆರೆದೆ. "ಲೈ-ಲೈ-" ಎಂಬಲ್ಲೇ ಮಾತು ಸಿಕ್ಕಿಕೊಂಡಿತು. ಅವರು ಅರ್ಜಿಯ ಕೊನೆ ಸಾಲು ಓದಿದರು — "ಹೆಡ್ ಆಫೀಸಿನಲ್ಲಿ ಲೈನ್ ನೋಡಿಕೊಳ್ಳುವ ತಮ್ಮನನ್ನು ಕೇಳಿ. ಆತ ಸುಳ್ಳು ಹೇಳುವವನಲ್ಲ."

"ನಿಂಗೆ ಮಾತು ಕಷ್ಟ, ಬರೆದೇ ಕೊಡು." ಹಾಳೆ ಸರಿಸಿದರು.

ಬರೆದೆ. ಮಾರ್ಚ್, ಏಪ್ರಿಲ್ ಎರಡೂ ತಿಂಗಳು ಏಳನೇ ಬ್ರಾಂಚಿನ ಲೈನು ಸರಿಯಾಗಿತ್ತು. ಕೆಳಗೆ ಸಹಿ. ಒಂದಕ್ಷರವೂ ತಡವರಿಸಲಿಲ್ಲ.

ಹಾಳೆ ಇನ್ನೂ ಅವರ ಮೇಜಿನ ಮೇಲೇ ಇದೆ. ಗಾಜಿನ ಬಾಗಿಲಾಚೆ ಕಾಣುತ್ತಿದೆ. ಅವರು ಹೊರಡುವುದು ಆರಕ್ಕೆ. ಎದ್ದು ಹೋಗಿ ಒಂದು ಮಾತು —