ಕೊಕ್ಕರೆಗುಡ್ಡೆಯ ಬಾವುಟದ ಕಂಬ

ಕಡಲೇರಿಕೆಯ ಅರವತ್ತೊಂದನೇ ವರ್ಷ, ಹದಿಮೂರನೇ ತಿಂಗಳು

ಪೂಜ್ಯ ಸೂರಪ್ಪಜ್ಜಯ್ಯನಿಗೆ, ನಿಮ್ಮಿಂದ ಏಳನೇ ತಲೆಮಾರಿನ ಮುಕಾಂಬು ಮಾಡುವ ನಮಸ್ಕಾರಗಳು. ವರ್ಷಕ್ಕೆ ಹದಿಮೂರು ತಿಂಗಳು ಎಲ್ಲಿಂದ ಬಂತು ಎಂದು ಗಾಬರಿಯಾಗಬೇಡಿ. ಕಡಲು ಮೇಲೇರಿದ ಮೇಲೆ ನಾವು ದಿನಗಳನ್ನು ಉಬ್ಬರದ ಲೆಕ್ಕದಲ್ಲೇ ಎಣಿಸುತ್ತೇವೆ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲಕ್ಕೆ ಇದಿನ್ನೂ ನಡೆದಿಲ್ಲ, ಆದರೆ ಮುಂದೆ ನೀವು ಕೊಕ್ಕರೆಗುಡ್ಡೆ ದ್ವೀಪಕ್ಕೆ ಹೋಗಿ ನೆಲೆಸಲಿದ್ದೀರಿ, ಅಲ್ಲಿ ಒಂದು ಕಂಬ ನೆಡಲಿದ್ದೀರಿ. ಆ ಕಂಬದ ವಿಷಯಕ್ಕೇ ಈ ಪತ್ರ.

ದ್ವೀಪ ಬಿಟ್ಟು ಬಂದ ಮೇಲೆ ನಾನೀಗ ಇರುವುದು ನೀರೂರಿನಲ್ಲಿ, ಅಂದರೆ ಪೀಪಾಯಿಗಳ ಮೇಲೆ ಹಲಗೆ ಹಾಸಿ ಕಟ್ಟಿದ ತೇಲುವ ಶಿಬಿರದಲ್ಲಿ. ರಾತ್ರಿ ಮಂಜು ಹಿಡಿಯಲು ಕಟ್ಟಿದ ಬಲೆಯನ್ನು ಬೆಳಿಗ್ಗೆ ಹಿಂಡಿ ಕುಡಿಯುವ ನೀರು ಮಾಡಿಕೊಳ್ಳುತ್ತೇವೆ. ನಾವು ಜೋರಾಗಿ ನಡೆದರೆ ಪಕ್ಕದ ಮನೆಯ ಒಲೆ ಅಲುಗುತ್ತದೆ. ಅವರು ಬೈಯುತ್ತಾರೆ, ನಾವೂ ಬಿಡುವುದಿಲ್ಲ. ಇಲ್ಲಿನ ಶಾಲೆಯ ಪುಸ್ತಕದಲ್ಲಿ ನನ್ನ ಚಿತ್ರವಿದೆ, ಬಾವುಟ ಹೊಲಿಯುತ್ತಾ ಕೂತದ್ದು. ಕೆಳಗೆ ‘ಆಕ್ರಮಣವನ್ನು ಸ್ವಾಗತಿಸಿದ ದ್ವೀಪವಾಸಿ’ ಎಂದಿದೆ. ಮಕ್ಕಳು ನನ್ನನ್ನು ಕಂಡರೆ ಆಚೆ ಹಲಗೆಗೆ ದಾಟಿಕೊಳ್ಳುತ್ತಾರೆ.

ನೀವು ಹಾಕಿಕೊಡಲಿರುವ, ನಮ್ಮವರೆಗೂ ನಡೆದುಬಂದ ಪದ್ಧತಿ ಹೀಗಿತ್ತು. ಬಿರುಗಾಳಿಗೆ ಸಿಕ್ಕಿ ಯಾವ ದೇಶದ ದೋಣಿ ನಮ್ಮಲ್ಲಿ ತಂಗಿದರೂ ಅವರ ಬಾವುಟವನ್ನು ಕಂಬಕ್ಕೆ ಏರಿಸಬೇಕು. ದೂರದಲ್ಲಿ ಹಾದುಹೋಗುವವರು ನೋಡಿ, ಇವರು ಬದುಕಿದ್ದಾರೆ ಎಂದು ಅವರ ಮನೆಗೆ ಸುದ್ದಿ ಮುಟ್ಟಿಸಲಿ ಎಂದು. ಅತಿಥಿ ಹೊರಡುವ ಮೊದಲು ಇಳಿಸಬಾರದು. ಇಳಿಸಿದರೆ ಅವರು ಸತ್ತರೆಂದು ಅರ್ಥ.

ಉತ್ತರ ಒಕ್ಕೂಟದ ಯುದ್ಧನೌಕೆ ಬಂದದ್ದೂ ಬಿರುಗಾಳಿಯಲ್ಲೇ. ಗಂಜಿ ಕೊಟ್ಟೆವು, ಬಾವುಟ ಏರಿಸಿದೆವು. ಗಾಳಿ ನಿಂತರೂ ಅವರು ಹೋಗಲಿಲ್ಲ. ದ್ವೀಪದವರೇ ನಮ್ಮ ಬಾವುಟ ಏರಿಸಿದ್ದಾರೆ, ಆದ್ದರಿಂದ ದ್ವೀಪ ನಮ್ಮದು ಎಂದು ಎಂಟನೇ ದಿನ ಲೋಕಕ್ಕೆ ಸಾರಿದರು. ಈ ಕಬಳಿಕೆಗೆ ಅವರಿಟ್ಟ ಹೆಸರು ‘ಸೇರ್ಪಡೆ’. ನನ್ನ ತಮ್ಮ ನಾರ್ಣ ಕಂಬದ ಹಗ್ಗಕ್ಕೆ ಕೈ ಹಾಕಿದ. “ಇಳ್ಸಿಬಿಡುವ ಅಕ್ಕ, ಇವ್ರ್ ಹೋಪ ಜನ ಅಲ್ಲ” ಎಂದ. ನಾನು ಅವನ ಕೈ ಹಿಡಿದುಕೊಂಡೆ. “ಬ್ಯಾಡ ನಾರ್ಣ, ಅವ್ರ್ ಮನಿಯಂಗೂ ಅಬ್ಬಿ ಕಾಯ್ತಾ ಇರ್ಕಲ್ದಾ?” ಎಂದೆ. ಬಾವುಟ ಇಳಿದರೆ ಆ ತಾಯಂದಿರು ಮಗ ಸತ್ತನೆಂದುಕೊಳ್ಳುತ್ತಾರಲ್ಲ. ಸಾಲದ್ದಕ್ಕೆ, ಗಾಳಿಗೆ ಹರಿದಿದ್ದ ಆ ಬಾವುಟವನ್ನು ದಪ್ಪ ದಾರ ಹಾಕಿ ಹೊಲಿದೂ ಕೊಟ್ಟೆ. ಅವರಲ್ಲೊಬ್ಬ ನಗುತ್ತಾ ಫೋಟೊ ತೆಗೆದ. ಎಂಥ ಪೆದ್ದಿ ನಾನು!

ದ್ವೀಪವನ್ನು ಬಿಡಿಸಲು ಐದು ದೇಶಗಳು ನೌಕಾಪಡೆ ಕಳುಹಿಸಿದವು. ಯುದ್ಧ ಮೂರು ವರ್ಷ ನಡೆದು ಹನ್ನೊಂದು ಬಂದರುಗಳನ್ನು ಸುಟ್ಟಿತು, ಆದರೆ ಮೊದಲ ಶೆಲ್ ಬಿದ್ದದ್ದು ನಮ್ಮ ಮೇಲೆ. ಬಿಡಿಸಲು ಬಂದವರಿಗೆ ದೂರದಿಂದ ಕಂಡದ್ದು ಆ ಬಾವುಟ ಮಾತ್ರ. ನಾವು ಶತ್ರುಗಳಲ್ಲ ಎಂದು ಅವರಿಗೆ ತಿಳಿಯಲಿ ಅಂತ ನಾರ್ಣ ಓಡಿಹೋಗಿ ಹಗ್ಗ ಎಳೆಯತೊಡಗಿದ. ನನ್ನ ಹೊಲಿಗೆ ರಾಟೆಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸಲು ಕಂಬ ಹತ್ತುತ್ತಿದ್ದಾಗಲೇ ಎರಡನೆಯ ಶೆಲ್ ಬಿತ್ತು. ಅವನಿಗೆ ಇಪ್ಪತ್ತಾರು ವರ್ಷ.

ಕಂಬ ನೆಡಲೇಬೇಡಿ ಎಂದು ಬೇಡಿಕೊಳ್ಳಲು ಈ ಪತ್ರ ಶುರುಮಾಡಿದೆ, ಅಜ್ಜಯ್ಯ. ಹಾಗೆ ಬರೆಯಲು ಮನಸ್ಸು ಬರುತ್ತಿಲ್ಲ. ಆ ಕಂಬದಿಂದಾಗಿ ಎಷ್ಟೋ ಮನೆಗಳಲ್ಲಿ ಅಳು ನಿಂತಿದೆ. ನೆಡಿ. ಆದರೆ ಏರಿಸಿದ ಬಾವುಟವನ್ನು ಇಳಿಸುವ ಹಕ್ಕು ಏರಿಸಿದವರದ್ದೇ ಎಂದು ನಿಮ್ಮ ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡಿ. ಅವರು ತಮ್ಮ ಮಕ್ಕಳಿಗೆ ಹೇಳಲಿ. ಏಳು ತಲೆಮಾರು ದಾಟಿ ಆ ಮಾತು ನನ್ನ ಕಿವಿಗೆ ಬೀಳಲಿ, ನಾನು ನಾರ್ಣನ ಕೈ ಹಿಡಿಯುವ ಮೊದಲು.