ಗುರುವಾರ ಕಾರು ಹೊರಡಬಾರದು

ಗಂಜಾಂ
18-11-1996

ಚಿ. ಸೌ. ಅಪರ್ಣಳಿಗೆ ಅಮ್ಮನ ಆಶೀರ್ವಾದಗಳು.

ಕಾಗದದ ಮೊದಲಿಗೆ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಇವತ್ತು ಹಾಗೆ ಬರೆಯಲು ಕೈ ಏಳುತ್ತಿಲ್ಲ ಮಗು. ಹೆದರಬೇಡ, ಯಾರಿಗೂ ಏನೂ ಆಗಿಲ್ಲ. ಆಗಬಾರದೆಂದೇ ಬರೆಯುತ್ತಿದ್ದೇನೆ. ಏಳು ತಿಂಗಳ ಬಸುರಿಗೆ ಇಂಥದ್ದೆಲ್ಲ ಬರೆಯಬಾರದೆಂದು ನನಗೂ ಗೊತ್ತು. ಅದಕ್ಕೇ ಹೇಳುತ್ತೇನೆ, ಒಂದು ಲೋಟ ಮಜ್ಜಿಗೆ ಕುಡಿದು, ಗೋಡೆಗೆ ಒರಗಿ ಕೂತು ಓದು.

ಮುಂದಿನ ವಾರ ಗುರುವಾರ, ಇಪ್ಪತ್ತೆಂಟಕ್ಕೆ, ನಿನ್ನನ್ನು ಹೆರಿಗೆಗೆ ಕರೆತರಲು ನಿಮ್ಮಪ್ಪ ದಿನ ಗೊತ್ತುಮಾಡಿದ್ದಾರೆ. ಬೆಳಿಗ್ಗೆ ಇಲ್ಲಿಂದ ಹೊರಟು, ರಾಹುಕಾಲಕ್ಕೆ ಮೊದಲೇ ನಿನ್ನನ್ನು ಕೂರಿಸಿಕೊಂಡು ಕೆ.ಆರ್. ಪೇಟೆ ಬಿಡಬೇಕಂತೆ. ಬಸ್ಸು ಬೇಡ, ಬಾಡಿಗೆ ಕಾರೂ ಬೇಡ. ಚೊಚ್ಚಲ ಹೆರಿಗೆಗೆ ನನ್ನ ಮಗಳು ನನ್ನ ಕಾರಿನಲ್ಲೇ ತವರಿಗೆ ಬರಬೇಕು ಎಂದು ಹಟ. ಅಪರ್ಣಾ, ಆ ಕಾರು ಹೊರಡಬಾರದು. ನೀನು ಅದರಲ್ಲಿ ಕೂರಬಾರದು ಎಂಬುದಷ್ಟೇ ಅಲ್ಲ, ಅದು ನಮ್ಮ ಬೀದಿಯನ್ನೇ ದಾಟಬಾರದು.

ನಿನ್ನ ಮದುವೆಯಾದ ಮೇಲೆ ಕೊಂಡ ಕಾರಾದ್ದರಿಂದ ಅದರ ಗುಣ ನಿನಗೆ ಗೊತ್ತಿಲ್ಲ. ನಿವೃತ್ತಿಯ ದುಡ್ಡಿನಲ್ಲಿ ಆ ಹಳೇ ಅಂಬಾಸಿಡರ್ ತಂದು ನಿಲ್ಲಿಸಿದಾಗ ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು ನಾನೇ ಆರತಿ ಎತ್ತಿದೆ. ನಿನಗಿಂತ ಒಂದು ವರ್ಷ ದೊಡ್ಡದು ಅದು. ಈಗ ಆನೆ ಸಾಕಿದ ಹಾಗಾಗಿದೆ. ಲೀಟರಿಗೆ ಎಂಟು ಕಿಲೋಮೀಟರ್ ಕೊಟ್ಟರೆ ಅದೇ ಪುಣ್ಯ. ಪಾಂಡವಪುರ ಮುಟ್ಟುವುದರೊಳಗೆ ರೇಡಿಯೇಟರ್ ಕುದಿಯುತ್ತದೆ, ಅದಕ್ಕೇ ಹಿಂದುಗಡೆ ಎರಡು ಕ್ಯಾನು ನೀರು. ಸ್ಟೇರಿಂಗ್ ಕಾಲು ಸುತ್ತು ತಿರುಗಿದ ಮೇಲೆ ಚಕ್ರಕ್ಕೆ ಸುದ್ದಿ ಮುಟ್ಟುತ್ತದೆ. ಎಡಗಡೆ ಬಾಗಿಲಿಗೆ ಹಗ್ಗ. ನಾನು ರಂಗೋಲಿ ಹಾಕುವ ಜಾಗದ ಪಕ್ಕದಲ್ಲೇ ಅದೂ ದಿನಾ ಆಯಿಲಿನಲ್ಲಿ ಕಪ್ಪು ರಂಗೋಲಿ ಹಾಕುತ್ತದೆ. ನಿನ್ನ ಬಾಣಂತನದ ತುಪ್ಪಕ್ಕೆಂದು ಎತ್ತಿಟ್ಟಿದ್ದ ಹಣ ಕ್ಲಚ್ ಪ್ಲೇಟಿಗೆ ಹೋಯಿತು. ಹೇಳಿದರೆ, ಕಬ್ಬಿಣ ಗಟ್ಟಿ ಕಣೇ, ಈಗಿನ ಡಬ್ಬಗಳ ಹಾಗಲ್ಲ ಅನ್ನುತ್ತಾರೆ.

ಇದನ್ನೆಲ್ಲ ನಾನು ನಗುತ್ತಲೇ ಸಹಿಸಿದ್ದೆ. ಆಚೆ ವಾರದ ಶನಿವಾರದಿಂದ ನಗು ನಿಂತಿದೆ.

ಅವತ್ತು ಕರಿಘಟ್ಟಕ್ಕೆ ಹೋಗಿದ್ದೆವು. ದರ್ಶನ ಮುಗಿಸಿ ಇಳಿಯುತ್ತಿದ್ದೆವು. ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ಇಂಜಿನ್ ಆರಿಸಿ ನ್ಯೂಟ್ರಲ್ಲಿಗೆ ಹಾಕುವುದು ಅವರ ಅಭ್ಯಾಸ. ತಿರುವಿನಲ್ಲಿ ಕಾರು ತಿರುಗಲೇ ಇಲ್ಲ. ನೇರವಾಗಿ ನುಗ್ಗಿತು. ಅಲ್ಲಿ ತುಳಸಿ ಮಾರುತ್ತಿದ್ದ ಕುಳ್ಳಮ್ಮ ಬುಟ್ಟಿ ಬಿಟ್ಟು ಪಕ್ಕಕ್ಕೆ ಹಾರಿಕೊಂಡಳು. ಕಾರು ಬುಟ್ಟಿಯ ಮೇಲೆ ಹತ್ತಿ, ರಸ್ತೆಗೆಂದು ಸುರಿದಿದ್ದ ಜಲ್ಲಿ ರಾಶಿಗೆ ಮೂತಿ ಹೊಗಿಸಿ ನಿಂತಿತು. ಆ ರಾಶಿಯ ಆಚೆ ಏನೂ ಇರಲಿಲ್ಲ ಅಪರ್ಣಾ, ಬರೀ ಇಳಿಜಾರು. ಕುಳ್ಳಮ್ಮ ಎದೆ ಬಡಿದುಕೊಂಡು, "ಏನ್ ಸ್ವಾಮ್ಯೋರೆ, ಕಣ್ ಕಾಣಾಕಿಲ್ವಾ? ಮಕ್ಕಳೊಂದಿಗಳು ಕನಾ ನಾನು!" ಎಂದು ಕೂಗಿದಳು. ನಿಮ್ಮಪ್ಪ ಇಳಿದು, ಬ್ರೇಕು ಹಿಡಿಯಲಿಲ್ಲಮ್ಮ ಎಂದರು. ನಾನೂ ಹೌದು ಎಂದೆ.

ಮೆಕ್ಯಾನಿಕ್ ಕೆಂಪಣ್ಣ ಬಂದು ಎಳೆಸಿಕೊಂಡು ಹೋದ. ಮಾರನೆಯ ದಿನ ಕಾರು ತಂದುಬಿಟ್ಟಾಗ ಅವರು ಸ್ನಾನಕ್ಕೆ ಹೋಗಿದ್ದರು. ನನ್ನನ್ನು ಹಿತ್ತಲಿಗೆ ಕರೆದು, "ಅವ್ವಾರೆ, ಅಯ್ನೋರು ಇನ್ಮ್ಯಾಕೆ ಗಾಡಿ ಓಡಿಸ್ದೆ ಇದ್ರೆ ವಾಸಿ. ಚಿನಕುರಳಿ ತಾವ ಕಲ್ಲಿನ ಲಾರಿಗಳು ಎಂಗ್ ಬತ್ತಾವೆ ಅಂತ ನೀವೇ ನೋಡಿದೀರಲ್ಲ. ನಾನ್ ಏಳ್ದೆ ಅಂತ ಏಳ್ಬ್ಯಾಡಿ" ಎಂದ. ಅವತ್ತಿನಿಂದ ಕಣ್ಣು ಮುಚ್ಚಿದರೆ ಆ ಜಲ್ಲಿ ರಾಶಿಯ ಮೇಲೆ ನಿನ್ನ ಮುಖ ಕಾಣುತ್ತದೆ.

ನಾನು ಕೂಗಾಡಿ ನೋಡಿದೆ, ಅತ್ತೂ ನೋಡಿದೆ. ನೀನು ಬರದಿದ್ದರೆ ಒಬ್ಬನೇ ಹೋಗುತ್ತೇನೆ ಕಣೇ ಎನ್ನುತ್ತಾರೆ. ಅವರು ಒಬ್ಬರೇ ಹೊರಡುವುದು ಇನ್ನೂ ಅಪಾಯ. ಮೆಕ್ಯಾನಿಕ್ ಮಾತು, ಹೆಂಡತಿ ಮಾತು ಎರಡೂ ಅವರಿಗೆ ಒಂದೇ ತೂಕ. ಅವರು ತಲೆಬಾಗುವುದು ಒಂದಕ್ಕೇ, ಬೀಗರ ಮನೆಯ ಪದ್ಧತಿಗೆ. ನಿನ್ನ ಮದುವೆಯಲ್ಲಿ ನಿಮ್ಮತ್ತೆ ಕೇಳಿದ್ದಕ್ಕೆಲ್ಲ, ಅವರ ಮನೆ ಪದ್ಧತಿ ಎಂದಮೇಲೆ ಮುಗಿಯಿತು ಎಂದವರು.

ಆದ್ದರಿಂದ ಹೀಗೆ ಮಾಡು. ನಿಮ್ಮತ್ತೆಯವರ ಕಾಲು ನಾನು ಹಿಡಿದುಕೊಂಡೆನೆಂದೇ ಹೇಳು. ಚೊಚ್ಚಲ ಬಸುರಿಯನ್ನು ಗಂಡನೇ ಕರೆದುಕೊಂಡು ಹೋಗಿ ತವರಿನ ಹೊಸ್ತಿಲು ದಾಟಿಸುವುದು ನಮ್ಮಲ್ಲಿ ಪದ್ಧತಿ ಎಂದು ಅವರು ಪಕ್ಕದ ಮನೆ ಜಯಲಕ್ಷ್ಮಮ್ಮನ ಫೋನಿಗೆ ಹೇಳಲಿ. ಅದೂ ನಿಮ್ಮಪ್ಪನನ್ನೇ ಕರೆಸಿ ಹೇಳಲಿ. ಬುಧವಾರವೇ ಅಳಿಯ ಸುದರ್ಶನ್ ಒಳ್ಳೆ ಬಾಡಿಗೆ ಕಾರು ಮಾಡಿಕೊಂಡು ನಿನ್ನನ್ನು ಕರೆತರಲಿ. ಇಂಥ ಪದ್ಧತಿ ಯಾವ ಮನೆಯಲ್ಲೂ ಇಲ್ಲ, ನನಗೆ ಗೊತ್ತು. ಸುಳ್ಳಿನ ಪಾಪ ನನಗಿರಲಿ. ನಿಮಿಷಾಂಬೆಗೆ ಆಗಲೇ ತಪ್ಪೊಪ್ಪಿಕೊಂಡು ಬಂದಿದ್ದೇನೆ.

ಮೆಣಸಿನ ಪುಡಿ, ಹೆರಳೆಕಾಯಿ ಉಪ್ಪಿನಕಾಯಿ ಮಾಡಿಟ್ಟಿದ್ದೇನೆ. ಹಳೇ ಪಂಚೆಗಳನ್ನು ಹರಿದು ಒಗೆದು ಮಡಿಸಿದ್ದೇನೆ. ನೀನು ಬಂದು ಹೊಸ್ತಿಲು ದಾಟಿದರೆ ಸಾಕು.

ಇಂತಿ ನಿನ್ನ ಅಮ್ಮ,
ವನಮಾಲಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಬ್ರೇಕು ಸರಿಯಾಗಿಯೇ ಇತ್ತಂತೆ, ಕೆಂಪಣ್ಣ ಚಕ್ರ ಬಿಚ್ಚಿ ನೋಡಿದ. ನಿಮ್ಮಪ್ಪನ ಎಡಗಣ್ಣು ಪೂರ್ತಿ ಹೋಗಿದೆ ಮಗು, ಬಲಗಣ್ಣಿಗೂ ಮಂಜು ಮಂಜು. ಮೈಸೂರಿನ ಡಾಕ್ಟರು ಹೋದ ದೃಷ್ಟಿ ಮತ್ತೆ ಬರುವುದಿಲ್ಲ ಎಂದರು. ಹೆರಿಗೆ ಆಗುವತನಕ ನಿನಗೆ ಹೇಳಕೂಡದೆಂದು ದೀಪ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದಾರೆ. ಎರಡು ತಿಂಗಳಿಂದ ಪಕ್ಕದಲ್ಲಿ ಕೂತು ನಾನೇ ಹೇಳುತ್ತೇನೆ, ಎದುರಿಗೆ ಬಸ್ಸು, ಎಡಕ್ಕೆ ತಿರುಗಿಸಿ, ಎಮ್ಮೆ ಇದೆ ನಿಲ್ಲಿಸಿ ಎಂದು. ಕರಿಘಟ್ಟದಲ್ಲಿ ತಿರುವು ಬಂತು ಎನ್ನಬೇಕಾದ ಗಳಿಗೆಯಲ್ಲಿ ನಾನು ಹಿಂದಕ್ಕೆ ತಿರುಗಿ ಗೋಪುರಕ್ಕೆ ಕೈ ಮುಗಿಯುತ್ತಿದ್ದೆ. ಕಾರಿನ ತಪ್ಪಲ್ಲ, ನನ್ನದು.

ನಾನು ಬರೆದ ಕಾಗದವನ್ನು ಓದಿ, ತಪ್ಪು ತಿದ್ದಿ, ಕೊನೆಗೆ ಆಶೀರ್ವಾದ ಬರೆಯದೆ ಅವರು ಎಂದೂ ಅಂಚೆಗೆ ಹಾಕಗೊಟ್ಟವರಲ್ಲ. ಈಗಲೂ ಕೇಳಿದರು. ಇದೇ ಹಾಳೆಗಳನ್ನು ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಪುಟ ತಿರುವಿ ತಿರುವಿ ನೋಡಿದರು. "ಗುರುವಾರ ಕಾರು ತರ್ತೀವಿ ಅಂತ ಚೆನ್ನಾಗಿ ಬರೆದಿದೀಯ ಕಣೇ, ಒಂದೂ ತಪ್ಪಿಲ್ಲ" ಎಂದರು. ಮೊದಲ ಪುಟದಲ್ಲಿ ನನ್ನ ಅಕ್ಷರದ ಮೇಲೆಯೇ ಅಡ್ಡಡ್ಡ ಗೀಚಿದೆಯಲ್ಲ, ಅದು ನಿಮ್ಮಪ್ಪನ ಆಶೀರ್ವಾದ.