ಒಪ್ಪತ್ತಿನ ದಿನ ಆಡಿದ ಬಾಯಿ

ಉಮ್ಮತ್ತೂರು, ೨೫ ನವೆಂಬರ್ ೧೯೯೬

ಕಾರ್ತಿಕ ಸೋಮವಾರದ ಒಪ್ಪತ್ತು. ದೊಡ್ಡವ್ವನ ಬಾಯಿ ಬೆಳಗಿನಿಂದ ಆಡುತ್ತಲೇ ಇತ್ತು. "ಎಲೆಅಡ್ಕೆ ಉಗಿಯಮ್ಮಿ, ಒಪ್ಪತ್ತು ಕೆಡಿಸ್ಬ್ಯಾಡ" ಎಂದು ಅಜ್ಜಿ ರೇಗಿದಳು. ನಾನು ಬಾಯಿ ತೆರೆಸಿ ನೋಡಿದರೆ ಒಳಗೆ ಏನೂ ಇಲ್ಲ, ಬರೀ ನಾಲಿಗೆ ತಾನಾಗಿ ಹೊರಳುತ್ತಿದೆ! ಚಾಮರಾಜನಗರದ ಡಾಕ್ಟರಿಗೆ ತೋರಿಸಿದೆ. ಮನಸ್ಸಿನ ಕಾಯಿಲೆಗೆ ಹನ್ನೆರಡು ವರ್ಷದಿಂದ ನುಂಗುತ್ತಿರುವ ಮಾತ್ರೆಯೇ ಕಾರಣವಂತೆ. ಕಡಿಮೆ ಮಾಡಿದರೆ ಹಳೆಯ ಕಾಯಿಲೆ ಮರುಕಳಿಸಲೂಬಹುದಂತೆ.

ವಿಚಿತ್ರವೆಂದರೆ, ಬರುವಾಗ ಬಸ್ಸಿನಲ್ಲಿ ದೊಡ್ಡವ್ವ ನಿದ್ದೆಹೋದಳು, ಬಾಯಿಯೂ ನಿಂತಿತು. ಎಚ್ಚರವಾದೊಡನೆ ಮತ್ತೆ ಶುರು. ಅದು ಹೇಗೆ?

"ಮಾತ್ರೆ ಕಮ್ಮಿ ಮಾಡ್ಸನಾ ದೊಡ್ಡವ್ವ?" ಎಂದೆ.

"ಬ್ಯಾಡ ಕಣಮ್ಮಿ. ಬಾಯಿ ಆಡ್ತಾ ಇರ್ಲಿ ಬುಡು, ಮಾತ್ರೆಯಿಂದ ಕಿವೀಲಿ ಬೈಯೋರಾದ್ರೂ ಸುಮ್ಗವ್ರೆ."

ಆ ಬೈಯುವವರು ಯಾರು, ಏನೆಂದು ಬೈಯುತ್ತಿದ್ದರು? ಇಷ್ಟು ವರ್ಷ ಜೊತೆಗಿದ್ದೂ ನಾವ್ಯಾರೂ ಕೇಳಿಯೇ ಇಲ್ಲ.